ವಂಶವೃಕ್ಷದಲ್ಲಿ ಅವ್ವನ ಹೆಸರು

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿಯನ್ನು ನಾನು ಮೂರು ಸಲ ಓದಿದ್ದೇನೆ. ಮೂರು ಸಲವೂ ಅದು ನನಗೆ ಬೇರೆ ಬೇರೆ ಪುಸ್ತಕವಾಗಿಯೇ ಕಂಡಿತು.

ಮೊದಲ ಸಲ ಓದಿದಾಗ ನಾನು ಹಾವೇರಿಯಲ್ಲಿ ಬಿ.ಎ. ಓದುತ್ತಿದ್ದೆ. ಬ್ಯಾಡಗಿಯಿಂದ ದಿನಾಲೂ ರೈಲಿನಲ್ಲಿ ಹೋಗಿ ಬರುವವಳು. ಕಾದಂಬರಿಯ ಕಾತ್ಯಾಯನಿಯೂ ನಂಜನಗೂಡಿನಿಂದ ಮೈಸೂರಿನ ಕಾಲೇಜಿಗೆ ರೈಲಿನಲ್ಲಿ ಹೋಗುವವಳು. ಅಷ್ಟೇ ಸಾಕಾಯಿತು, ಅವಳು ನನ್ನ ಗೆಳತಿಯಾಗಿಬಿಟ್ಟಳು. ಅವಳ ದುಃಖಕ್ಕೆ ರೈಲಿನಲ್ಲೇ ಕಣ್ಣೀರು ಹಾಕಿದ್ದೆ. ಎರಡನೆಯ ಸಲ ಓದಿದಾಗ ನನಗೆ ಮದುವೆಯಾಗಿ, ಮಗಳು ಹುಟ್ಟಿ, ಪ್ರೌಢಶಾಲೆಯಲ್ಲಿ ನೌಕರಿಯೂ ಸಿಕ್ಕಿತ್ತು. ಆಗ ಅದೇ ಕಾತ್ಯಾಯನಿಯ ಮೇಲೆ ಸಿಟ್ಟು ಬಂತು. ಹೆತ್ತ ಮಗನನ್ನು ಬಿಟ್ಟು ಹೇಗೆ ಹೋದಳು ಎಂದು. ಮೂರನೆಯ ಸಲ ಓದಿದ್ದು ಅಪ್ಪ ತೀರಿಕೊಂಡ ಮೇಲೆ, ೨೦೧೮ರಲ್ಲಿ. ಮನೆಯಲ್ಲಿ ಹೊಲದ ಉತಾರ, ವಾರಸಾ ಕಾಗದಗಳು ಹರಡಿಕೊಂಡಿದ್ದ ದಿನಗಳವು. ಆ ಓದಿನ ಬಗ್ಗೆಯೇ ಇಲ್ಲಿ ಬರೆಯಬೇಕೆಂದಿದ್ದೇನೆ.

ಓದದೆ ಇದ್ದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಾದಂಬರಿ ಬಂದದ್ದು ೧೯೬೫ರಲ್ಲಿ. ಆಮೇಲೆ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಸೇರಿ ಅದನ್ನು ಸಿನಿಮಾ ಮಾಡಿದರು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಶಾಸ್ತ್ರವಂತರು, ಧರ್ಮನಿಷ್ಠರು, ಊರೇ ತಲೆಬಾಗುವ ಮನುಷ್ಯ. ಅವರ ಒಬ್ಬನೇ ಮಗ ಕಪಿಲಾ ಹೊಳೆಯ ಪಾಲಾಗುತ್ತಾನೆ. ವಿಧವೆ ಸೊಸೆ ಕಾತ್ಯಾಯನಿ ಕಾಲೇಜು ಸೇರಿ, ಅಲ್ಲಿ ರಾಜಾರಾಯನನ್ನು ಮೆಚ್ಚಿ ಮರುಮದುವೆಯಾಗುತ್ತಾಳೆ. ಮಗ ಮಾತ್ರ ಅಜ್ಜ ಅಜ್ಜಿಯ ಹತ್ತಿರ, ಶ್ರೋತ್ರಿ ವಂಶದ ಕುಡಿಯಾಗಿ ಉಳಿಯುತ್ತಾನೆ. ಹೊಸ ಮದುವೆಯಲ್ಲಿ ಅವಳಿಗೆ ಮತ್ತೆ ಮತ್ತೆ ಗರ್ಭ ಹೋಗಿ, ದೇಹ ಮನಸ್ಸು ಎರಡೂ ಸೊರಗಿ ಸಾಯುತ್ತಾಳೆ. ಇದರ ಜೊತೆಗೆ ಇತಿಹಾಸಕಾರ ಸದಾಶಿವರಾಯ, ಅವನ ಹೆಂಡತಿ ನಾಗಲಕ್ಷ್ಮಿ, ಸಿಂಹಳದಿಂದ ಬಂದ ಕರುಣರತ್ನೆ ಇವರ ಕಥೆಯೂ ಹೆಣೆದುಕೊಂಡಿದೆ. ಅದನ್ನು ಇಲ್ಲಿ ಬಿಡುತ್ತೇನೆ.

ಮುಪ್ಪಿನಲ್ಲಿ ಶ್ರೋತ್ರಿಗಳು ಒಂದು ಕೆಲಸಕ್ಕೆ ಕೈ ಹಾಕುತ್ತಾರೆ. ತಮ್ಮ ಮನೆಯ ಆಸ್ತಿಯಲ್ಲಿ ಹಿಂದೆ ದಾಯಾದಿಗೆ ಅನ್ಯಾಯವಾಗಿತ್ತು ಎಂದು ತಿಳಿದು, ಆ ದಾಯಾದಿಯ ಸಂತತಿಯವರು ಎಲ್ಲಾದರೂ ಇದ್ದರೆ ಅವರ ಪಾಲನ್ನು ಅವರಿಗೆ ಮುಟ್ಟಿಸಬೇಕೆಂದು ಹುಡುಕುತ್ತ ಹೋಗುತ್ತಾರೆ. ಹಾಗೆ ಹುಡುಕುವಾಗ ಸಿಕ್ಕಿದ್ದು ತಮ್ಮದೇ ಹುಟ್ಟಿನ ಗುಟ್ಟು. ಆಸ್ತಿ ತಮ್ಮನ ಪಾಲಾಗಬಾರದೆಂಬ ಹಟಕ್ಕೆ, ತಂದೆಯೆನಿಸಿಕೊಂಡವನು ತನ್ನ ಹೆಂಡತಿಗೆ ಪರಪುರುಷನಿಂದ ಮಗುವಾಗುವಂತೆ ಮಾಡಿದ್ದ. ಆ ಮಗುವೇ ಶ್ರೋತ್ರಿಗಳು. ಯಾವ ವಂಶಕ್ಕಾಗಿ ಜೀವಮಾನವೆಲ್ಲ ಸವೆಸಿದ್ದರೋ, ಸೊಸೆಯಿಂದ ಮಗನನ್ನು ಉಳಿಸಿಕೊಂಡಿದ್ದರೋ, ಆ ವಂಶಕ್ಕೂ ತಮಗೂ ರಕ್ತದ ನಂಟೇ ಇರಲಿಲ್ಲ.

ನಮ್ಮ ಮನೆಯ ಕಾಗದದ ವಿಷಯಕ್ಕೆ ಬರುತ್ತೇನೆ. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮಪ್ಪನ ಹೆಸರಿನಲ್ಲಿ ಮೆಣಸಿನಕಾಯಿ ಬೆಳೆಯುವ ಎರೆಹೊಲ ಇತ್ತು. ಅಪ್ಪ ಹೋದ ಮೇಲೆ ವಾರಸಾ ಮಾಡಿಸಲು ಮನೆತನದ ವಂಶಾವಳಿ ಬರೆದು ಕೊಡಬೇಕಾಯಿತು. ಅಣ್ಣ ಬರೆಸಿ ತಂದ. ಮೇಲೆ ಅಜ್ಜ, ಅವನ ಕೆಳಗೆ ಅಪ್ಪ, ಅಪ್ಪನ ಕೆಳಗೆ ಮೂರು ಗೆರೆ. ಅಣ್ಣ, ತಮ್ಮ, ನಾನು. ಈಗಿನ ಕಾನೂನು ಗೊತ್ತಿರುವುದರಿಂದ ನನ್ನ ಹೆಸರು ಹಾಕಿದ್ದರು. ಅದರ ಹಿಂದೆಯೇ ನಾನು ಸಹಿ ಮಾಡಬೇಕಾದ ಹಕ್ಕು ಬಿಡುವ ಪತ್ರವೂ ಇತ್ತು. ಅದಕ್ಕೆ ನನ್ನ ತಕರಾರೇನೂ ಇರಲಿಲ್ಲ. ನೌಕರಿ ಇದೆ, ಮನೆ ಇದೆ, ಅಣ್ಣತಮ್ಮಂದಿರು ದುಡಿದ ಹೊಲ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ತವರು ಉಳಿಯಲಿ ಎಂದು ಹಾಗೆ ಸಹಿ ಮಾಡಿದವರೇ.

ಪೆನ್ನು ಕೈಗೆ ತೆಗೆದುಕೊಂಡ ಮೇಲೆ ತಿಳಿಯಿತು, ನಾಲ್ಕನೆಯ ಗೆರೆ ಇಲ್ಲ ಎಂದು. ನನಗೊಬ್ಬ ತಂಗಿ ಇದ್ದಳು. ರಾಣೆಬೆನ್ನೂರಿಗೆ ಕೊಟ್ಟಿದ್ದೆವು. ಮಗಳನ್ನು ಹೆತ್ತು ಎರಡು ವರ್ಷಕ್ಕೆ ತೀರಿಕೊಂಡಳು.

“ಅಣ್ಣಾ, ತಂಗೀ ಹೆಸರ ಎಲ್ಲೈತಿ?” ಎಂದೆ.

“ಸತ್ತಾಕಿ ಹೆಸರ ಯಾಕ ಬರೀಬೇಕವಾ? ಲಗ್ನ ಮಾಡಿ ಕೊಟ್ಟ ಮ್ಯಾಲ ಆಕಿ ಆ ಮನೀಗೆ ಹೋದ್ಲು” ಎಂದ.

ಅಣ್ಣ ಕೆಟ್ಟವನಲ್ಲ. ತಂಗಿ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ಹೊರಗಿನ ಕಟ್ಟೆಯ ಮೇಲೆ ಮಲಗಿದವನು ಅವನೇ. ಆದರೆ ಕಾಗದದ ಮೇಲೆ ಗೆರೆ ಎಳೆಯುವಾಗ ಆ ತಂಗಿ ಅವನಿಗೆ ನೆನಪಾಗಲಿಲ್ಲ. ನೆನಪಾಗಿದ್ದರೂ ಬರೆಯಬೇಕು ಅನಿಸಲಿಲ್ಲ. ಕಾನೂನಿನ ಪ್ರಕಾರ ಹೇಳುವುದಾದರೆ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ, ತಂದೆಗಿಂತ ಮೊದಲು ತೀರಿಹೋದ ಮಗಳ ಮಕ್ಕಳು ಮೊದಲ ದರ್ಜೆಯ ವಾರಸುದಾರರು. ನಮ್ಮ ಕರ್ನಾಟಕದಲ್ಲಿ ೧೯೯೪ರಲ್ಲಿ, ಇಡೀ ದೇಶಕ್ಕೆ ೨೦೦೫ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಗಳು ಬಂದದ್ದು ಎಷ್ಟೋ ವರ್ಷ ಆಮೇಲೆ. ಇಷ್ಟೆಲ್ಲ ನನಗೂ ಆವತ್ತು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಅವಳನ್ನು ಬಿಟ್ಟರೆ ಆ ಚಿತ್ರ ಸುಳ್ಳು. ವಿಚಾರ ಮಾಡಿ ಹೇಳುತ್ತೇನೆಂದು ಪೆನ್ನು ಕೆಳಗಿಟ್ಟು ಮನೆಗೆ ಬಂದೆ. ಆ ರಾತ್ರಿ ಕಪಾಟಿನಿಂದ ‘ವಂಶವೃಕ್ಷ’ವನ್ನು ತೆಗೆದೆ.

ಈ ಸಲ ನನ್ನ ಗಮನ ಕಾತ್ಯಾಯನಿಯ ಮೇಲೆ ನಿಲ್ಲಲಿಲ್ಲ. ಕಾದಂಬರಿಯಲ್ಲಿ ನೆರಳಿನ ಹಾಗೆ ಬಂದು ಹೋಗುವ ಶ್ರೋತ್ರಿಗಳ ತಾಯಿಯ ಮೇಲೆ ನಿಂತಿತು. ಆಕೆಯ ಕಥೆ ನಮಗೆ ತಿಳಿಯುವುದು ಬೇರೆಯವರ ಬಾಯಿಂದ, ಆಕೆ ಸತ್ತು ಎಷ್ಟೋ ಕಾಲವಾದ ಮೇಲೆ. ಆಸ್ತಿಗಾಗಿ ಗಂಡ ಹೂಡಿದ ಆಟದಲ್ಲಿ ಆಕೆ ಬರೀ ದಾಳ. ಆಕೆಗೆ ಏನನಿಸಿತ್ತು, ಹುಟ್ಟಿದ ಮಗುವಿನ ಮುಖ ನೋಡುವಾಗ ಆಕೆಯ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕಾದಂಬರಿ ತೆರೆದು ತೋರಿಸುವುದಿಲ್ಲ. ನಿಜ ತಿಳಿದಾಗ ಶ್ರೋತ್ರಿಗಳ ಕಾಲಡಿಯ ನೆಲ ಕುಸಿಯುತ್ತದೆ. ‘ಹಾಗಾದರೆ ನಾನು ಯಾರ ಮಗ?’ ಎಂಬುದೇ ಅವರ ತಳಮಳ. ಲೇಖಕರ ತಳಮಳವೂ ಅದೇ. ನಾವು ಓದುಗರೂ ಅದೇ ಪ್ರಶ್ನೆಯನ್ನು ಹಿಡಿದುಕೊಂಡು ಪುಸ್ತಕ ಮುಚ್ಚುತ್ತೇವೆ.

ಆ ಪ್ರಶ್ನೆಗೆ ಅರ್ಧ ಉತ್ತರ ಮೊದಲಿನಿಂದಲೂ ಇತ್ತಲ್ಲ ಎಂದು ನನಗೆ ಈ ಸಲ ಅನಿಸಿತು. ಅವರು ತಮ್ಮ ತಾಯಿಯ ಮಗ. ಅದರಲ್ಲಿ ಸಂಶಯವೇ ಇಲ್ಲ. ಗುಟ್ಟು ಬಯಲಾಗುವ ಮುಂಚೆಯೂ ಇರಲಿಲ್ಲ, ಆಮೇಲೂ ಇಲ್ಲ. ಮುರಿದು ಬಿದ್ದದ್ದು ತಂದೆಯ ಕಡೆಯಿಂದ ಬರೆದ ಮರ. ತಾಯಿಯ ಕಡೆಯಿಂದ ಬರೆದಿದ್ದರೆ ಆ ಮರಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಆ ಮರವನ್ನು ಯಾರೂ ಬರೆದಿರಲಿಲ್ಲ. ಶ್ರೋತ್ರಿಗಳೂ ಬರೆಯಲಿಲ್ಲ, ಭೈರಪ್ಪನವರೂ ಬರೆಯಲಿಲ್ಲ. ತಂದೆಯ ವಂಶದ ನಂಬಿಕೆ ಹೋದ ಮೇಲೆ ಶ್ರೋತ್ರಿಗಳು ಆಸ್ತಿ ತೊರೆದು ಸಂನ್ಯಾಸದ ದಾರಿ ಹಿಡಿಯುತ್ತಾರೆ. ತಾಯಿಯ ಊರು ಯಾವುದು, ಆಕೆಯ ತವರಿನವರು ಯಾರು ಎಂದು ಹುಡುಕಿಕೊಂಡು ಹೋಗುವುದಿಲ್ಲ. ದಾಯಾದಿಯ ಸಂತತಿಯನ್ನು ಹುಡುಕಲು ಅಷ್ಟು ಕಷ್ಟಪಟ್ಟವರಿಗೆ ಈ ವಿಚಾರ ಹೊಳೆಯುವುದೇ ಇಲ್ಲ. ಕಾದಂಬರಿಯಲ್ಲಿ ನನಗೆ ಕಂಡ ದೊಡ್ಡ ಕೊರತೆ ಇದು.

ತಾಯಿಯ ಕಡೆಯಿಂದ ವಂಶ ಎಣಿಸುವುದು ನನ್ನ ಕಲ್ಪನೆಯೇನಲ್ಲ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ‘ಬಳಿ’ ತಾಯಿಯಿಂದಲೇ ಬರುತ್ತಿತ್ತು. ಸಾತವಾಹನ ಅರಸರು ತಮ್ಮನ್ನು ಗೌತಮೀಪುತ್ರ, ವಾಸಿಷ್ಠೀಪುತ್ರ ಎಂದು ಕರೆದುಕೊಂಡರು. ನಮ್ಮ ಪಕ್ಕದ ಬನವಾಸಿಯ ಕದಂಬರು ತಮ್ಮನ್ನು ಹಾರಿತೀಪುತ್ರರೆಂದು ಹೇಳಿಕೊಂಡರು. ಆದರೂ ಅಳಿಯಸಂತಾನದಲ್ಲಿ ಯಜಮಾನಿಕೆ ಹೆಚ್ಚಾಗಿ ಸೋದರಮಾವನದೇ, ಸಾತವಾಹನರಲ್ಲಿ ಸಿಂಹಾಸನ ಗಂಡಸಿನದೇ. ಹೆಸರು ತಾಯಿಯದಾದ ಮಾತ್ರಕ್ಕೆ ಅಧಿಕಾರ ತಾಯಿಯದಾಗಲಿಲ್ಲ. ಇದನ್ನೂ ಮರೆಯಬಾರದು.

ಗಂಡುಸಂತಾನದ ಮರ ಬರೆಯುವವರಿಗೆ ಒಂದು ಅನುಕೂಲವಿದೆ. ಬೇಕಾದವರನ್ನು ಸೇರಿಸಿ ಬೇಡಾದವರನ್ನು ಬಿಡಬಹುದು. ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹಾವೇರಿ ತಾಲೂಕಿನ ಗುತ್ತಲವನ್ನು ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಗುತ್ತರು ಎಂಬ ಮಾಂಡಲಿಕ ಮನೆತನ ಆಳುತ್ತಿತ್ತು. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಆಮೇಲೆ ಸೇವುಣರು, ಹೀಗೆ ಮೇಲಿನ ದೊರೆಗಳು ಬದಲಾದರೂ ಇವರು ಉಳಿದರು. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮುಕ್ತೇಶ್ವರ ಗುಡಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಅವರ ಶಾಸನದ ಕಲ್ಲುಗಳನ್ನು ತೋರಿಸುತ್ತೇನೆ. ಎಷ್ಟು ಚೆಂದದ ಅಕ್ಷರ! ಅವುಗಳಲ್ಲಿ ಗುತ್ತರು ತಮ್ಮನ್ನು ಚಂದ್ರಗುಪ್ತನ ವಂಶದವರೆಂದೂ ಉಜ್ಜಯಿನಿಯ ಒಡೆಯರೆಂದೂ ಹೇಳಿಕೊಂಡಿದ್ದಾರೆ. ಗುಪ್ತ ದೊರೆ ಎರಡನೆಯ ಚಂದ್ರಗುಪ್ತ ವಿಕ್ರಮಾದಿತ್ಯನ ಕಾಲ ಎಲ್ಲಿ, ಇವರ ಕಾಲ ಎಲ್ಲಿ! ನಡುವೆ ಏಳುನೂರು ವರ್ಷಗಳ ಅಂತರ. ಅಷ್ಟು ದೂರದ, ಹೆಸರಾಂತ ಅಜ್ಜನೊಬ್ಬ ಕಲ್ಲಿನ ಮೇಲೆ ಬಂದು ಕೂತಿದ್ದಾನೆ. ನಮ್ಮ ತಂಗಿ ತೀರಿಕೊಂಡು ಇಪ್ಪತ್ತು ವರ್ಷವೂ ಆಗಿರಲಿಲ್ಲ, ಆಗಲೇ ಮರದಿಂದ ಉದುರಿಹೋಗಿದ್ದಳು.

ದೂರದ ಇಂಗ್ಲೆಂಡಿನಲ್ಲಿಯೂ ಇದೇ ಕಥೆ. ಅಲ್ಲಿ ಟ್ಯೂಡರ್ ದೊರೆಗಳ ಕಾಲದಲ್ಲಿ, ೧೫೩೦ರಿಂದ ಮುಂದೆ, ಅರಮನೆಯ ಅಧಿಕಾರಿಗಳು ಜಿಲ್ಲೆ ಜಿಲ್ಲೆಗೆ ಹೋಗಿ, ಕುಲೀನರೆನಿಸಿಕೊಂಡ ಜಮೀನುದಾರರ ಲಾಂಛನ ಮತ್ತು ವಂಶಾವಳಿಗಳನ್ನು ತಪಾಸಣೆ ಮಾಡಿ ಬರೆದುಕೊಳ್ಳುತ್ತಿದ್ದರು. ೧೫೩೮ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿ ಚರ್ಚಿನಲ್ಲೂ ನಾಮಕರಣ, ಮದುವೆ, ಮಣ್ಣು ಮಾಡಿದ್ದು ಇವನ್ನು ದಾಖಲೆಯಲ್ಲಿ ಬರೆದಿಡಬೇಕೆಂದು ಆಜ್ಞೆ ಹೊರಡಿಸಿದ. ಅಂದಿನ ಮನೆತನಗಳ ಸಂತತಿಯನ್ನು ಇಂದಿಗೂ ಹುಡುಕುವವರಿಗೆ ಇವೇ ಆಧಾರ. ಆ ಹಳೆಯ ಪುಸ್ತಕಗಳಲ್ಲಿ ಎಷ್ಟೋ ಕಡೆ ಮಗುವಿನ ಹೆಸರಿನ ಮುಂದೆ ತಂದೆಯ ಹೆಸರಷ್ಟೇ ಇರುತ್ತದೆ, ಹೆತ್ತವಳ ಹೆಸರಿರುವುದಿಲ್ಲ. ಗಂಡುಮಕ್ಕಳಿಲ್ಲದೆ ಹೋದರೆ ಆ ಮನೆತನ ಅಳಿಯಿತೆಂದು ಲೆಕ್ಕ. ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಹುಟ್ಟಿದವರು ಹತ್ತು ಊರುಗಳಲ್ಲಿ ಉಂಡುಟ್ಟು ಸುಖವಾಗಿದ್ದರೂ ಸರಿಯೇ.

ನಮ್ಮಲ್ಲಿ ಈ ಕೆಲಸಕ್ಕೆ ಅರಮನೆಯ ಅಧಿಕಾರಿ ಬರಲಿಲ್ಲ, ಹೆಳವರು ಬಂದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ಅವರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಎತ್ತಿನ ಮೇಲೆ ಕೂತು, ಕಾಲು ಕಾಣದ ಹಾಗೆ ಹೊದ್ದುಕೊಂಡು, ಗಂಟೆ ಬಾರಿಸುತ್ತ ಬೆಳಗಿನಲ್ಲಿ ಬಂದು ಮನೆಯ ಮುಂದೆ ನಿಂತು ಮನೆತನದ ಹಿರಿಯರ ಹೆಸರುಗಳನ್ನು ಒಂದೇ ಉಸುರಿನಲ್ಲಿ ಹೇಳುವವರು. ನಮ್ಮ ಮೂಲ ಯಾವ ಊರು, ಅಲ್ಲಿಂದ ಯಾಕೆ ಬಿಟ್ಟು ಬಂದೆವು, ಯಾವ ಅಜ್ಜನಿಗೆ ಎಷ್ಟು ಮಕ್ಕಳು, ಎಲ್ಲ ಅವರ ನಾಲಿಗೆಯ ಮೇಲೆ. ಹಿಂದೆ ತಾಮ್ರಪಟ, ತಾಳೆಗರಿಗಳಲ್ಲಿ ಬರೆದಿಟ್ಟಿದ್ದನ್ನು ಆಮೇಲೆ ಕಾಗದದ ಹೊತ್ತಿಗೆಗಳಲ್ಲಿ ಬರೆದುಕೊಂಡರು. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿ, ಕಾಳು, ಬಟ್ಟೆ, ರೊಕ್ಕ ಇಸಿದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ.

ಅಪ್ಪ ತೀರಿದ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮ ಮನೆತನದ ಹೆಳವ ಬಂದ. ಈಗ ಎತ್ತಿಲ್ಲ, ಮಗನ ಬೈಕಿನ ಹಿಂದೆ ಕೂತು ಬಂದಿದ್ದ. ಸುದ್ದಿ ಕೇಳಿ ನಾನೂ ಊರಿಗೆ ಹೋದೆ. ಅವನು ಓದಿದ. ನಮ್ಮ ತವರಿನ ಒಂಬತ್ತು ತಲೆಮಾರು. ಕೇಳುತ್ತಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಮುಗಿದ ಮೇಲೆ ಕೇಳಿದೆ:

“ಅಜ್ಜಾ, ನಮ್ಮ ಅಪ್ಪನ ಅವ್ವನ ಹೆಸರ ಇದರಾಗ ಐತೇನು?”

ಅವನು ಹಾಳೆ ತಿರುವಿ ನೋಡಿದ. “ಹಾನಗಲ್ಲ ಸೀಮೀ ಹೆಣ್ಣು ಅಂತ ಬರದೈತ್ರಿ ಬಾಯಾರ. ಹೆಸರ ಇಲ್ಲ. ಆ ಮನಿ ನಮ್ಮ ಪಾಲಿಂದಲ್ಲ, ನಮ್ಮ ದಾಯಾದ್ಯಾರ ಪಾಲಿಂದು. ಅವರ ಹೊತ್ತಿಗ್ಯಾಗ ನೋಡಬೇಕು.”

ಅವನ ಮಾತಿನಿಂದ ನನಗೆ ಹೊಸದೊಂದು ತಿಳಿಯಿತು. ಹೆಳವರು ಮನೆತನಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡಿರುತ್ತಾರೆ. ಗಂಡಸಿನ ದಾರಿ ಒಂದೇ ಹೊತ್ತಿಗೆಯಲ್ಲಿ ಮೊದಲಿನಿಂದ ಕೊನೆಯ ತನಕ ಸಿಗುತ್ತದೆ. ಹೆಣ್ಣಿನ ದಾರಿ ಹಾಗಲ್ಲ. ಒಂದು ಹೊತ್ತಿಗೆಯಲ್ಲಿ ಅವಳು ‘ಕೊಟ್ಟ ಹೆಣ್ಣು’, ಇನ್ನೊಂದರಲ್ಲಿ ‘ತಂದ ಹೆಣ್ಣು’. ನಮ್ಮ ಅಜ್ಜಿಯನ್ನು ಹುಡುಕಲು ಎರಡು ಹೊತ್ತಿಗೆ ಬೇಕು, ಅವಳ ಅವ್ವನನ್ನು ಹುಡುಕಲು ಮೂರು. ಹೆಣ್ಣಿನ ಗುರುತು ಪೂರ್ತಿ ಅಳಿದಿರುವುದಿಲ್ಲ, ಚೂರುಚೂರಾಗಿ ಹಂಚಿಹೋಗಿರುತ್ತದೆ. ಕೂಡಿಸಿ ನೋಡುವವರು ಬೇಕು.

ಆವತ್ತು ಹೆಳವನ ಕೈಯಲ್ಲಿ ಅಪ್ಪನ ಕೆಳಗೆ ನಾಲ್ಕೂ ಮಕ್ಕಳ ಹೆಸರು ಬರೆಸಿದೆ. ತಂಗಿಯ ಹೆಸರಿನ ಕೆಳಗೆ ಅವಳ ಮಗಳ ಹೆಸರನ್ನೂ. “ಮಗಳ ಮಗಳನ್ನ ಬರಿಯೂ ಪದ್ಧತಿ ಇಲ್ರಿ” ಎಂದ. “ಇವತ್ತಿನಿಂದ ಐತಿ ಅಂತ ತಿಳಕೋ ಅಜ್ಜಾ” ಎಂದೆ. ನಕ್ಕು ಬರೆದುಕೊಂಡ. ಅಣ್ಣ ಪಡಸಾಲೆಯ ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದ.

ಹೆಳವನ ಹೊತ್ತಿಗೆಯಲ್ಲಿ ಬರೆಸುವುದು ಸುಲಭವಾಯಿತು, ಅಲ್ಲಿ ಹೊಲವಿರಲಿಲ್ಲ. ಕಚೇರಿಯ ಕಾಗದ ಮಾತ್ರ ಸುಲಭವಾಗಲಿಲ್ಲ. ತಂಗಿಯ ಹೆಸರು ಸೇರುವ ತನಕ ನಾನು ಯಾವುದಕ್ಕೂ ಸಹಿ ಮಾಡುವುದಿಲ್ಲ ಎಂದುಬಿಟ್ಟೆ. ಮನೆಯಲ್ಲಿ ಮಾತು ಬೆಳೆಯಿತು. “ಓದಿದ ಹೆಣ್ಣು ಮನೀ ಒಡೀತೈತಿ” ಎಂದು ಹಿರಿಯರೊಬ್ಬರು ಅಂದದ್ದು ನನ್ನ ಕಿವಿಗೂ ಬಿತ್ತು. ತಂಗಿಯ ಮಗಳನ್ನು ಕರೆಸಿದೆ. ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗಿ. ಅವಳು ಕಣ್ಣೀರು ಹಾಕಿ, “ದೊಡ್ಡವ್ವಾ, ನಮ್ಮವ್ವನ ಹೆಸರೊಂದು ಇದ್ದರ ಸಾಕು, ಹೊಲ ಬ್ಯಾಡ” ಎನ್ನುತ್ತಾಳೆಂದು ನಾನು ಎಣಿಸಿದ್ದೆ. ಅವಳು ಹಾಗೆ ಅನ್ನಲಿಲ್ಲ. “ಹೆಸರೂ ಬೇಕು, ಪಾಲೂ ಬೇಕು” ಎಂದಳು. ನನಗೆ ಒಂದು ಕ್ಷಣ ಕಸಿವಿಸಿಯಾಯಿತು. ಅವಳ ಮಾತಿನಲ್ಲಿ ತಪ್ಪೇನಿತ್ತು ಎಂದು ಆಮೇಲೆ ನನ್ನನ್ನೇ ಕೇಳಿಕೊಂಡೆ. ತ್ಯಾಗ ಮಾಡುವ ಹೆಣ್ಣೇ ನಮಗೆ ಚೆಂದ ಕಾಣುತ್ತಾಳೆ. ಕಾದಂಬರಿಯಲ್ಲೂ ಹಾಗೆ, ಮನೆಯಲ್ಲೂ ಹಾಗೆ.

ಕಾತ್ಯಾಯನಿ ನಮಗೆ ಇಷ್ಟವಾಗುವುದೂ ಅದಕ್ಕೇ ಇರಬಹುದು. ಆಸೆಪಟ್ಟದ್ದಕ್ಕೆ ಅವಳು ಬೆಲೆ ತೆರುತ್ತಾಳೆ. ಮಗನನ್ನು ಕಳೆದುಕೊಳ್ಳುತ್ತಾಳೆ, ಗರ್ಭ ನಿಲ್ಲುವುದಿಲ್ಲ, ಕೊನೆಗೆ ಪ್ರಾಣವನ್ನೂ ಬಿಡುತ್ತಾಳೆ. ಅವಳು ಬದುಕಿ, ಮಗನ ಮೇಲೆ ಹಕ್ಕು ಕೇಳಿ, ಪಡೆದು, ಗಟ್ಟಿಯಾಗಿ ಕೂತಿದ್ದರೆ ನಾವು ಹೀಗೆ ಕಣ್ಣೀರು ಹಾಕುತ್ತಿದ್ದೆವೇ? ಲೇಖಕರು ಅವಳನ್ನು ಸಾಯಿಸಿದರೆಂದು ದೂರುವವರು ಬಹಳ. ನಾನು ಆ ಕಣ್ಣೀರನ್ನೂ ಒಮ್ಮೆ ಪರೀಕ್ಷಿಸಿ ನೋಡಬೇಕು ಎನ್ನುತ್ತೇನೆ.

ಇಷ್ಟು ಹೇಳಿದ ಮೇಲೂ ‘ವಂಶವೃಕ್ಷ’ ದೊಡ್ಡ ಕಾದಂಬರಿಯೆಂದೇ ನನ್ನ ಅಭಿಪ್ರಾಯ. ವಂಶದ ಹೆಮ್ಮೆಯನ್ನು ಹೊರಗಿನವರು ಬಂದು ಹೀಯಾಳಿಸುವುದು ಸುಲಭ. ಭೈರಪ್ಪನವರು ಹಾಗೆ ಮಾಡಲಿಲ್ಲ. ಆ ಹೆಮ್ಮೆಯನ್ನು ಪೂರ್ತಿ ನಂಬಿದ, ಮರ್ಯಾದೆಗೆ ಅರ್ಹನಾದ ಮನುಷ್ಯನ ಕೈಯಿಂದಲೇ ಅದರ ಬುಡವನ್ನು ಅಗೆಸಿದರು. ಅಲ್ಲಿ ಸಿಕ್ಕಿದ್ದನ್ನು ಆ ಮನುಷ್ಯ ಮುಚ್ಚಿಡಲಿಲ್ಲ. ಬೇಡವಾದ ಕಾಗದವನ್ನು ಸುಟ್ಟು ಹಾಯಾಗಿ ಇದ್ದುಬಿಡಬಹುದಿತ್ತು, ಇರಲಿಲ್ಲ. ಆ ಪ್ರಾಮಾಣಿಕತೆ ನನಗೆ ಪೆನ್ನು ಕೆಳಗಿಟ್ಟ ರಾತ್ರಿ ಧೈರ್ಯ ಕೊಟ್ಟಿತು. ಪುಸ್ತಕದ ಮೇಲೆ ನನಗಿರುವ ಜಗಳ ಏನೆಂದರೆ, ಬುಡದಲ್ಲಿ ಸಿಕ್ಕವಳು ಒಬ್ಬ ಹೆಣ್ಣುಮಗಳು, ಅವಳನ್ನು ಕಂಡೂ ಕಾಣದ ಹಾಗೆ ದಾಟಿ ಹೋದರಲ್ಲ ಎಂಬುದು. ೨೦೨೫ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ಈ ಜಗಳವನ್ನು ಒಂದು ಪತ್ರ ಬರೆದಾದರೂ ಅವರಿಗೆ ತಿಳಿಸಬೇಕಿತ್ತು ಅನಿಸಿ ಮನಸ್ಸಿಗೆ ಕೆಡುಕೆನಿಸಿತು.

ಕಾಗದ ತಿದ್ದಿ ಬರೆಯಲು ಒಂದೂವರೆ ವರ್ಷ ಹಿಡಿಯಿತು. ನಾಲ್ಕನೆಯ ಗೆರೆ ಬಂತು, ಅದರ ಕೆಳಗೆ ಐದನೆಯ ಹೆಸರೂ ಬಂತು. ನನ್ನ ಪಾಲನ್ನು ನಾನು ಅಣ್ಣತಮ್ಮಂದಿರಿಗೆ ಬಿಟ್ಟೆ. ತಂಗಿಯ ಮಗಳು ತನ್ನದನ್ನು ಬಿಡಲಿಲ್ಲ. ಆ ವರ್ಷ ಪಂಚಮಿಗೆ ನನ್ನನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದರ ಅರ್ಥ ವಿವರಿಸಿ ಹೇಳಬೇಕಾಗಿಲ್ಲ. ಐವತ್ತು ದಾಟಿದ ಶಿಕ್ಷಕಿ ನಾನು, ಆದರೂ ಆ ಎರಡು ಪಂಚಮಿಗಳಲ್ಲಿ ಬಾಗಿಲ ಸಪ್ಪಳಕ್ಕೆ ಎದ್ದು ಎದ್ದು ನೋಡಿದ್ದೇನೆ.

ಮೂರನೆಯ ವರ್ಷ ಅಣ್ಣನ ಮಗ ಬಂದ. ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು. “ಅತ್ತೀ, ಅಪ್ಪ ಕರಕೊಂಡ ಬಾ ಅಂದಾನ” ಎಂದ. ಹೊಲದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಹಾ ಮಾಡಿಕೊಟ್ಟು, ಸೀರೆ ಬದಲಿಸಿ ಬರುವಾಗ ಕೇಳಿದೆ, “ನಿಮ್ಮಜ್ಜನ ಅವ್ವನ ಹೆಸರ ಗೊತ್ತೈತೇನೋ ನಿನಗ?” ಅವನು ತಲೆ ಅಲ್ಲಾಡಿಸಿದ. ಅಷ್ಟರಲ್ಲಿ ನಾನು ಹಾನಗಲ್ಲ ಸೀಮೆಯ ಆ ಮನೆಯ ಹೆಳವನನ್ನು ಹುಡುಕಿಸಿ ಕೇಳಿದ್ದೆ. ದಾರಿಯಲ್ಲಿ ಅವನಿಗೆ ಹೆಸರು ಹೇಳಿದೆ. ಅವನು ಎರಡು ಸಲ ಅಂದುಕೊಂಡ.

ನೀವೂ ಇವತ್ತು ಸಂಜೆ ಬಿಡುವಾದಾಗ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಅವ್ವನ ಹೆಸರು, ಅವಳ ಅವ್ವನ ಹೆಸರು, ಅವಳ ಅವ್ವನ ಹೆಸರು ಬರೆಯಿರಿ. ಪಕ್ಕದಲ್ಲಿ ಅವರ ತವರೂರು ಬರೆಯಿರಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಮನೆಯ ಹಿರಿಯರನ್ನು ಕೇಳಿರಿ. ಅವರು ಇರುವಾಗಲೇ ಕೇಳಿರಿ.